ಬೆಳಕನ್ನು ಎಲ್ಲಿ ಅಳೆಯುವುದು? ದೃಷ್ಟಿಯನ್ನು ಎಲ್ಲಿ ನಿಲ್ಲಿಸುವುದು?

ಹಿಂದೆ ಭಾವಚಿತ್ರ ತೆಗೆಯಿಸಿಕೊಳ್ಳಬೇಕಾದರೆ ಪೇಟೆಗೆ ಹೋಗಿ, ಸ್ಟುಡಿಯೋದವನು ಕರಿಯ ಬಟ್ಟೆಯ ಮುಸುಕಿನೊಳಗೆ ತಲೆಯಿಟ್ಟು ಹೊರಬರುವವರೆಗೂ ಕುರ್ಚಿಯ ಮೇಲೆ ಬೊಂಬೆಯಂತೆ ಕುಳಿತಿರಬೇಕಾಗಿತ್ತು. ಈಗ ಆ ಯಂತ್ರವು ನಮ್ಮ ನಮ್ಮ ಮನೆಗಳ ಬೀರುವನ್ನೇ ಸೇರಿರುವುದಷ್ಟೆ. ಸೇರಿದುದು ಸಂತೋಷವೇ. ಆದರೆ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಅದರ ತಿರುಗುಮಣೆಯನ್ನು 'ಆಟೋ' ಎಂಬ ಹಸುರು ಗುರುತಿನ ಮೇಲೆ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ಕದಲಿಸುವ ಧೈರ್ಯವನ್ನೇ ಮಾಡುವುದಿಲ್ಲ. ಮಿಕ್ಕ ಗುರುತುಗಳೆಲ್ಲ ಪಂಡಿತರಿಗೆ ಮೀಸಲೆಂದು ಭಾವಿಸುವರು. ಸಂಸ್ಕೃತ ಪಾಠ ಹೇಳಿಕೊಂಡು ಕಾಲ ಕಳೆದ ಮೇಷ್ಟರಿಗೆ ಈ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ವಿಶ್ರಾಂತಿವೇತನದ ಕಾಲದಲ್ಲಿ ಮನುಷ್ಯನಿಗೆ ಒಂದು ಹುಚ್ಚು ಬೇಕು. ನನಗೆ ಇದು ಹಿಡಿದಿದೆ.

ವಿರಾಜಪೇಟೆಯ ಸೀಮೆಯ ಗೃಹಿಣಿಯೊಬ್ಬರು ಈ ಪುಟಕ್ಕೆ ಬರೆದಿರುವ ಕಾಗದದ ಸಾರಾಂಶವಿದು. ಅವರ ದೊಡ್ಡ ಮಗಳ ಮದುವೆಯಲ್ಲಿ, ಪರದೇಶದಲ್ಲಿರುವ ಮಗನು ತಂದುಕೊಟ್ಟ ಬೆಲೆಬಾಳುವ ಕ್ಯಾಮರಾದಿಂದ ನೂರಾರು ಚಿತ್ರಗಳನ್ನು ತೆಗೆದರಂತೆ. ವರನ ಬಿಳಿಯ ಕುಪ್ಯವು ಬೂದಿಯಲ್ಲಿ ಅದ್ದಿ ತೆಗೆದಂತೆ ಬಂದಿದೆ. ಕೈಯಾಲೆಯ ಐಮರದ ಮೇಲೆ ಕುಳಿತಿದ್ದ ಅತ್ತೆಯವರ ಹಿಂದಣ ಅಂಗಳವೂ ಅಂಗಳದಾಚೆಯ ಗದ್ದೆಯೂ ಸೊಗಸಾಗಿ ಮೂಡಿ, ಅತ್ತೆಯವರ ಮುಖ ಮಾತ್ರ ಮಸಿಯ ಮುದ್ದೆಯಾಗಿದೆ. ವಧೂವರರ ಚಿತ್ರವೊಂದರಲ್ಲಿ ಹಾರದ ಹೂವಿನ ಎಸಳುಗಳನ್ನು ಎಣಿಸಬಹುದಾಗಿದ್ದರೂ ಮುಖಗಳು ಮಬ್ಬು. ಬರುವ ತಿಂಗಳು ಎರಡನೆಯ ಮಗಳ ಮದುವೆ. ಅತ್ತೆಯವರಿಗೆ ತೊಂಬತ್ತು ದಾಟಿದೆ. "ಈ ಸಲವೂ ಅವರ ಮುಖ ಬಾರದೆ ಹೋದರೆ ಇನ್ನು ಯಾವಾಗ ತೆಗೆಯುವುದು?" ಎಂದು ಆಕೆ ಕೇಳಿದ್ದಾರೆ.

ಕೊಡಗಿನ ಹೊರಗಿನ ವಾಚಕರಿಗಾಗಿ ಎರಡು ಮಾತು. ಕುಪ್ಯವೆಂದರೆ ಕೊಡವ ಗಂಡಸರು ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆಯನ್ನು ಬಿಗಿಯುವ ಮೊಣಕಾಲುದ್ದದ ನಿಲುವಂಗಿ. ಸಾಮಾನ್ಯವಾಗಿ ಅದು ಕಪ್ಪು. ಮದುವೆಯ ಗಂಡಿಗೆ ಮಾತ್ರ ಬಿಳಿ. ಕೈಯಾಲೆ ಎಂಬುದು ಮನೆಯ ಮುಂದಣ ಜಗಲಿ. ಐಮರವು ಆ ಜಗಲಿಯ ಕಂಬಗಳ ನಡುವೆ ಅಳವಡಿಸಿದ ಅಗಲವಾದ ಮರದ ಪೀಠ. ಹಿರಿಯರು ಕೂರುವ ಸ್ಥಳ ಅದೇ ಆದಕಾರಣ, ಅವರ ಚಿತ್ರಗಳೂ ಬಹುಮಟ್ಟಿಗೆ ಅಲ್ಲಿಯೇ ತೆಗೆಯಲ್ಪಡುವುವು. ಒಳಗೆ ನೆರಳು, ಬೆನ್ನ ಹಿಂದೆ ಬಿಸಿಲು. ಯಂತ್ರವನ್ನು ಮೋಸಗೊಳಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳವನ್ನು ಹುಡುಕಿದರೂ ಸಿಕ್ಕದು.

ಕಾಗದವನ್ನು ಓದಿದ ಮೇಲೆ, ಯಂತ್ರವನ್ನಾಗಲಿ ಚಿತ್ರ ತೆಗೆದ ಹುಡುಗನನ್ನಾಗಲಿ ದೂರುವುದು ಸರಿಯಲ್ಲವೆಂದು ನನಗೆ ತೋರಿತು. ಯಂತ್ರಕ್ಕೆ ಮುಂಚಿತವಾಗಿ ಹೇಳಬೇಕಾಗಿದ್ದ ಎರಡು ಮಾತುಗಳನ್ನು ಯಾರೂ ಹೇಳಿರಲಿಲ್ಲ. ಬೆಳಕನ್ನು ಎಲ್ಲಿಂದ ಅಳೆಯಬೇಕು ಎಂಬುದು ಒಂದು. ಇದನ್ನು ಮೀಟರಿಂಗ್ ಎನ್ನುವರು. ಸ್ಪಷ್ಟತೆಯು ಯಾವ ವಸ್ತುವಿನ ಮೇಲೆ ನಿಲ್ಲಬೇಕು ಎಂಬುದು ಇನ್ನೊಂದು. ಇದನ್ನು ಯಂತ್ರವು ತಾನಾಗಿ ಮಾಡಿದರೆ ಆಟೋಫೋಕಸ್ ಎನ್ನುವರು. ಮೀಮಾಂಸಕರು ಯಾವ ಕರ್ಮವನ್ನು ವಿಚಾರಿಸುವಾಗಲೂ ಇದರಲ್ಲಿ ಪ್ರಧಾನ ಯಾವುದು, ಅಂಗ ಯಾವುದು ಎಂದು ಮೊದಲು ನಿಶ್ಚಯಿಸಿಕೊಳ್ಳುವರು. ಚಿತ್ರದಲ್ಲಿ ಪ್ರಧಾನ ಯಾವುದೆಂಬುದು ಯಂತ್ರಕ್ಕೆ ತಿಳಿಯದು. ತೊಂಬತ್ತು ವರ್ಷದ ಮುಖವೂ ಅದರ ಹಿಂದಣ ಅಂಗಳವೂ ಅದಕ್ಕೆ ಸಮಾನ. ಅಂಗಳವೇ ದೊಡ್ಡದಾದ್ದರಿಂದ ಅದಕ್ಕೇ ಮನ್ನಣೆ ಕೊಟ್ಟಿತು. ನಾವು ಪ್ರಧಾನವನ್ನು ಬೆರಳಿಟ್ಟು ತೋರಿಸಬೇಕು. ಹಸುರು ಗುರುತಿನಲ್ಲಿ ಇದಕ್ಕೆ ಬಹುತೇಕ ಯಂತ್ರಗಳು ಅವಕಾಶವನ್ನೇ ಕೊಡುವುದಿಲ್ಲ. ಆದುದರಿಂದ ತಿರುಗುಮಣೆಯನ್ನು 'ಪಿ' ಎಂಬ ಗುರುತಿಗೋ, 'ಎ' ಅಥವಾ 'ಎ.ವಿ.' ಎಂಬ ಗುರುತಿಗೋ ತಿರುಗಿಸುವುದು ಮೊದಲನೆಯ ಕೆಲಸ. ಮನೆಯವರು ಅಂಜಬೇಕಾದ್ದಿಲ್ಲ, ಯಂತ್ರ ಕೆಡುವುದಿಲ್ಲ.

ಬೆಳಕಿನ ಅಳತೆಯನ್ನು ತಿಳಿಯಬೇಕಾದರೆ ಯಂತ್ರದ ಒಂದು ಮೂಢನಂಬಿಕೆಯನ್ನು ತಿಳಿಯಬೇಕು. ಲೋಕದಲ್ಲಿರುವ ಸಮಸ್ತ ವಸ್ತುಗಳನ್ನೂ ಕಲಸಿದರೆ ನಡುತರದ ಬೂದುಬಣ್ಣವಾಗುವುದೆಂದು ಅದು ನಂಬಿದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವ ಬೂದು ಅದು. ನಮ್ಮೂರಿನ ಹಸುರು ಗುಡ್ಡ, ಮಣ್ಣಿನ ದಾರಿ, ಹಳೆಯ ಕಲ್ಲುಗೋಡೆ ಇವುಗಳಿಗೆ ಈ ಊಹೆ ಹೆಚ್ಚುಕಡಮೆ ಒಪ್ಪುವುದು. ಮಡಿಯಾದ ಬಿಳಿಯ ಬಟ್ಟೆಯಾದರೋ ನೂರಕ್ಕೆ ಎಂಬತ್ತಕ್ಕೂ ಮಿಕ್ಕು ಬೆಳಕನ್ನು ಹಿಂದಿರುಗಿಸುವುದು. ಚೌಕಟ್ಟಿನ ತುಂಬ ವರನ ಬಿಳಿಯ ಕುಪ್ಯವೇ ಇದ್ದರೆ ಯಂತ್ರವು 'ಇಷ್ಟು ಬೆಳಕು ಅತಿಯಾಯಿತು' ಎಂದು ಬಗೆದು ಕಡಮೆ ಮಾಡಿ, ಬಿಳಿಯನ್ನು ಬೂದಿಗೆ ಇಳಿಸುವುದು. ಕಪ್ಪು ಕುಪ್ಯ ತೊಟ್ಟ ನೆಂಟರ ಗುಂಪೇ ಚೌಕಟ್ಟನ್ನು ತುಂಬಿದ್ದರೆ ಬೆಳಕು ಸಾಲದೆಂದು ಹೆಚ್ಚಿಸಿ, ಕಪ್ಪನ್ನು ಬೂದಿಗೆ ಏರಿಸುವುದು. ಹೀಗೆ ಒಂದೇ ಮನೆಯ ಮದುವೆಯಲ್ಲಿ ಬಿಳಿಯವರೂ ಕರಿಯವರೂ ಒಂದೇ ಬಣ್ಣದವರಾಗುವರು.

ಇದಕ್ಕೆ ಮದ್ದು ಯಂತ್ರದಲ್ಲಿಯೇ ಇದೆ. ಕೂಡುವ ಮತ್ತು ಕಳೆಯುವ ಚಿಹ್ನೆಗಳು ಜೊತೆಯಾಗಿ ಬರೆದಿರುವ ಒಂದು ಗುಂಡಿಯನ್ನು ಹುಡುಕಿಕೊಳ್ಳುವುದು. ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂದು ಅದರ ಹೆಸರು. +1 ಎಂದರೆ ಯಂತ್ರದ ಅಳತೆಗಿಂತ ಎರಡರಷ್ಟು ಬೆಳಕು, −1 ಎಂದರೆ ಅರ್ಧ. ವರನೊಬ್ಬನೇ ಚೌಕಟ್ಟನ್ನು ತುಂಬಿ ನಿಂತಿರುವಾಗ +1, ಕೆಲವು ವೇಳೆ ಇನ್ನೂ ಸ್ವಲ್ಪ ಮೇಲೆ. ಕಪ್ಪು ಕುಪ್ಯದವರ ಸಾಲಿಗೆ ಸುಮಾರು −1. ಬಿಳಿಯ ವರನು ನಡುವೆ, ಕರಿಯ ನೆಂಟರು ಎರಡು ಮಗ್ಗುಲಲ್ಲಿ ಇದ್ದರೆ ಒಂದಕ್ಕೊಂದು ಸರಿತೂಗುವುದರಿಂದ ಏನೂ ಬೇಡ. ಇಲ್ಲಿ ಬಾಯಿಪಾಠಕ್ಕಿಂತ ಕಣ್ಣಿನ ವಿವೇಚನೆ ಹೆಚ್ಚು ಉಪಯೋಗಕ್ಕೆ ಬರುವುದು.

ಇನ್ನು ಅಳೆಯುವ ಕ್ರಮಗಳು. ಕಂಪೆನಿಗಳು ಬೇರೆ ಬೇರೆ ಹೆಸರಿಟ್ಟು ಗೃಹಸ್ಥರನ್ನು ಗಾಬರಿಪಡಿಸಿದರೂ ಮುಖ್ಯವಾದವು ಮೂರು. ಮೊದಲನೆಯದು ಚೌಕಟ್ಟನ್ನು ಅನೇಕ ಭಾಗಗಳಾಗಿ ಹಂಚಿ, ಒಂದೊಂದು ಭಾಗದ ಬೆಳಕನ್ನೂ ತೂಗಿ ನೋಡಿ ತೀರ್ಮಾನಕ್ಕೆ ಬರುವ ಬಹುಭಾಗ ಮಾಪನ. ಇದನ್ನು ನಿಕಾನಿನವರು ಮ್ಯಾಟ್ರಿಕ್ಸ್ ಎಂದೂ, ಕ್ಯಾನನಿನವರು ಇವ್ಯಾಲ್ಯುಯೇಟಿವ್ ಎಂದೂ, ಸೋನಿಯವರು ಮಲ್ಟಿ ಎಂದೂ ಕರೆಯುವರು. ಮಸೂರದ ಒಳಗೆ ಬಂದ ಬೆಳಕನ್ನೇ ಅಳೆಯುವ ಕ್ಯಾಮರಾ 1963ರಲ್ಲಿ ಜಪಾನಿನ ಟಾಪ್‌ಕಾನ್ ಕಂಪೆನಿಯಿಂದ ಬಂದಿತು. ಚೌಕಟ್ಟನ್ನು ಐದು ಭಾಗಗಳಾಗಿ ಹಂಚಿ ವಿಚಾರ ಮಾಡುವ ಕ್ರಮವು 1983ರಲ್ಲಿ ನಿಕಾನ್ ಎಫ್.ಎ. ಎಂಬ ಯಂತ್ರದೊಡನೆ ಬಂದಿತು. ಈಗಣ ಯಂತ್ರಗಳಲ್ಲಿ ಆ ಐದು ಭಾಗಗಳು ನೂರಾರು, ಸಾವಿರಾರು ಆಗಿವೆ. ಹೊಸ ಯಂತ್ರಗಳಲ್ಲಿ ಕೆಲವು ಮನುಷ್ಯನ ಮುಖವನ್ನು ಗುರುತಿಸಿ ಅದಕ್ಕೆ ಹೆಚ್ಚು ಗೌರವವನ್ನೂ ಕೊಡುವುವು. ಹತ್ತರಲ್ಲಿ ಎಂಟು ಚಿತ್ರಗಳಿಗೆ ಈ ಕ್ರಮವೇ ಸಾಕು. ಇದನ್ನು ಬಿಡಬೇಕೆಂದು ನಾನು ಯಾರಿಗೂ ಹೇಳೆನು.

ಎರಡನೆಯದು ನಡುಭಾಗಕ್ಕೆ ಹೆಚ್ಚು ಮನ್ನಣೆಯಿತ್ತು, ಅಂಚುಗಳನ್ನು ಅಷ್ಟಾಗಿ ಲೆಕ್ಕಿಸದ ಕ್ರಮ. ಹಳೆಯ ಯಂತ್ರಗಳಲ್ಲಿ ಕೈ ಪಳಗಿದವರಿಗೆ ಇದು ಪ್ರಿಯ. ಹೆಚ್ಚು ಹೇಳಬೇಕಾದ್ದಿಲ್ಲ.

ಮೂರನೆಯದಾದ ಬಿಂದುಮಾಪನವೇ, ಅಂದರೆ ಸ್ಪಾಟ್ ಎಂಬುದೇ, ನಮ್ಮ ಕಾಗದದ ಗೃಹಿಣಿಗೆ ಬೇಕಾದುದು. ಇದು ಇಡೀ ಚೌಕಟ್ಟಿನಲ್ಲಿ ನೂರಕ್ಕೆ 1.5ರಿಂದ 5 ಪಾಲಿನಷ್ಟು ಸಣ್ಣ ವರ್ತುಲವನ್ನು ಮಾತ್ರ ನೋಡಿ, ಮಿಕ್ಕುದಕ್ಕೆ ಕಣ್ಣು ಮುಚ್ಚಿಕೊಳ್ಳುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಿಂದ ಒಂದು ಅಗುಳನ್ನು ಹಿಸುಕಿ ನೋಡುವುದಕ್ಕೆ ನಮ್ಮ ಶಾಸ್ತ್ರಜ್ಞರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟಿರುವರು. ಬಿಂದುಮಾಪನವು ಆ ನ್ಯಾಯವೇ. ಆದರೆ ಒಂದು ಭೇದವುಂಟು. ಪಾತ್ರೆಯಲ್ಲಿ ಯಾವ ಅಗುಳಾದರೂ ಆದೀತು, ಇಲ್ಲಿ ಯಾವ ಅಗುಳೆಂಬುದೇ ಸರ್ವಸ್ವ. ಐಮರದ ಮೇಲಿನ ಅಜ್ಜಿಯ ಕೆನ್ನೆಯ ಮೇಲೆ ಆ ವರ್ತುಲವನ್ನು ಇಟ್ಟರೆ ಮುಖವು ಚೆನ್ನಾಗಿ ಬರುವುದು. ಒಂದು ಗೇಣು ತಪ್ಪಿ ಹಿಂದಣ ಅಂಗಳದ ಮೇಲೆ ಇಟ್ಟರೆ ಮೊದಲಿಗಿಂತಲೂ ಕರ್ರಗಾಗುವುದು. ಬೆಳ್ಳಿಕೂದಲಿನ ಮೇಲಾಗಲಿ, ಬಿಳಿಯ ಸೀರೆಯ ಸೆರಗಿನ ಮೇಲಾಗಲಿ ಇಡಬಾರದು.

ಮುಖದ ಮೇಲೆ ಅಳೆದ ಬಳಿಕ ಕೂಡಿಸಬೇಕೆ, ಕಳೆಯಬೇಕೆ? ನಮ್ಮ ನಾಡಿನ ಸಾಮಾನ್ಯವಾದ ಮೈಬಣ್ಣವು ಯಂತ್ರದ ನಡುಬೂದಿಗೆ ಸಮೀಪವೇ ಇರುವುದರಿಂದ ಬಹುಮಟ್ಟಿಗೆ ಏನೂ ಬೇಡ. ಬೆಳ್ಳಗಿರುವವರಿಗೆ ಸ್ವಲ್ಪ ಕೂಡಿಸಬಹುದು. ಕಪ್ಪಾಗಿರುವವರಿಗೆ ಸ್ವಲ್ಪ ಕಳೆಯಬೇಕು. ಕಳೆಯಲು ಮಾತ್ರ ಯಾರೂ ಒಪ್ಪುವುದಿಲ್ಲ. ಮದುವೆಯ ಚಿತ್ರದಲ್ಲಿ ಎಲ್ಲರ ಮುಖವನ್ನೂ ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಸುವ ಚಾಪಲ್ಯ ಈಗ ಬಹಳ ಹಬ್ಬಿದೆ. ಹುಡುಗಿಯ ನಿಜವಾದ ಬಣ್ಣವೇ ಚಿತ್ರದಲ್ಲಿ ಬಂದರೆ ಅವಳ ಮೊಮ್ಮಕ್ಕಳಿಗೆ ಅವಳು ದೊರಕುವಳು. ಇಲ್ಲದಿದ್ದರೆ ಮತ್ತಾರೋ ದೊರಕುವಳು. ಮುಖವನ್ನು ಸಮೀಪಿಸಲಾಗದ ಸಂದರ್ಭದಲ್ಲಿ, ಆ ಮುಖದ ಮೇಲೆ ಬೀಳುತ್ತಿರುವ ಬೆಳಕಿನಲ್ಲಿಯೇ ನಿಮ್ಮ ಅಂಗೈಯನ್ನು ಹಿಡಿದು, ಅದರ ಮೇಲೆ ಅಳೆದು +1 ಮಾಡುವುದು ಹಳೆಯ ಛಾಯಾಗ್ರಾಹಕರ ಉಪಾಯ. ಅಂಗೈಯು ನಡುಬೂದಿಗಿಂತ ಸುಮಾರು ಎರಡರಷ್ಟು ಬೆಳ್ಳಗಿರುವುದೇ ಇದಕ್ಕೆ ಕಾರಣ.

ಅಜ್ಜಿಯ ಮುಖಕ್ಕೆ ಅಳೆದರೆ ಹಿಂದಣ ಅಂಗಳವು ಬೆಳ್ಳಗೆ ಬಿಳಿಚಿಕೊಳ್ಳುವುದು ನಿಶ್ಚಯ. ಬಿಳಿಚಿಕೊಳ್ಳಲಿ. ಅಂಗಳವು ನಾಳೆಯೂ ಅಲ್ಲಿಯೇ ಇರುವುದು. ಎರಡೂ ಬೇಕೆಂದರೆ ಅವರನ್ನು ಮೆಲ್ಲನೆ ಅರ್ಧ ತಿರುಗಿಸಿ, ಬಿಸಿಲಂಗಳವು ಬೆನ್ನಿಗೆ ಬದಲಾಗಿ ಮಗ್ಗುಲಿಗೆ ಬರುವಂತೆ ಕುಳ್ಳಿರಿಸುವುದು. ಅಂಗಳದ ಬೆಳಕೇ ಆಗ ದೀಪವಾಗಿ ಒದಗಿ, ಸುಕ್ಕು ಸುಕ್ಕೂ ಸೊಗಸಾಗಿ ಮೂಡುವುದು. ಯಾವ ಮಾಪನಕ್ರಮವೂ ಇಷ್ಟು ಉಪಕಾರ ಮಾಡಲಾರದು. ಮದುವೆಯ ದಿನದ ಗದ್ದಲದಲ್ಲಿ ಇದಾಗುವ ಮಾತಲ್ಲವಾದ್ದರಿಂದ ಹಿಂದಿನ ದಿನವೇ, ಅವರ ಕಾಫಿಯಾದ ಮೇಲೆ, ಒಂದು ಕಾಲುಗಂಟೆ ಇದಕ್ಕಾಗಿ ಎತ್ತಿಡುವುದು ಮೇಲು.

ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಎಂದರೆ ಮನೆಯ ನಡುಮನೆಯಲ್ಲಿ, ತೂಗುದೀಪದ ಮುಂದೆ ತೆಗೆಯುವ ಚಿತ್ರದ ಕಷ್ಟ ಇದಕ್ಕೆ ವಿಪರೀತ. ಸುತ್ತ ಕತ್ತಲೆ ತುಂಬಿರುವುದರಿಂದ ಬಹುಭಾಗ ಮಾಪನವು ಕತ್ತಲೆಯನ್ನೆಲ್ಲ ಬೆಳಗಿಸಲು ಹೋಗಿ, ದೀಪದ ಕುಡಿಯನ್ನು ಬಿಳಿಯ ಮುದ್ದೆ ಮಾಡುವುದು. ಅಲ್ಲಿ −1 ಇಟ್ಟರೆ ಕತ್ತಲೆ ಕತ್ತಲೆಯಾಗಿಯೇ ಉಳಿದು, ದೀಪಕ್ಕೆ ಕೈಮುಗಿದವರ ಮುಖದ ಮೇಲಿನ ಹೊಂಬೆಳಕು ಕಾಣುವುದು. ಫ್ಲ್ಯಾಷನ್ನು ಹಾರಿಸಿದರೆ ದೀಪ ಹಚ್ಚಿದುದೇ ವ್ಯರ್ಥ.

ಡಿಜಿಟಲ್ ಯಂತ್ರಗಳಿಗೆ ಇರುವ ಒಂದು ಸ್ವಭಾವವನ್ನು ಇಲ್ಲಿಯೇ ಹೇಳಬೇಕು. ಚಿತ್ರದಲ್ಲಿ ಸ್ವಲ್ಪ ಕಪ್ಪಾದ ಭಾಗವನ್ನು ಆಮೇಲೆ ಗಣಕಯಂತ್ರದಲ್ಲಿ ಒಂದಿಷ್ಟು ಎತ್ತಿ ನಿಲ್ಲಿಸಬಹುದು. ಪೂರ್ತಿ ಬಿಳಿಚಿಹೋದ ಭಾಗದಿಂದ ಏನನ್ನೂ ಹಿಂದಕ್ಕೆ ತರಲಾಗದು. ವರನ ಕುಪ್ಯದ ಮಡಿಕೆಗಳು ಒಮ್ಮೆ ಹೋದುವೆಂದರೆ ಹೋದುವೇ. ಬಿಳಿಚಿದ ಭಾಗವು ಹಿಂಬದಿಯ ಪರದೆಯಲ್ಲಿ ಮಿಣುಮಿಣುಕುವಂತೆ ಮಾಡುವ ಏರ್ಪಾಡು ಬಹುತೇಕ ಎಲ್ಲ ಯಂತ್ರಗಳ ಮೆನುವಿನಲ್ಲಿಯೂ ಇದೆ. ಅದನ್ನು ತೆರೆದಿಟ್ಟು, ಕುಪ್ಯವು ಮಿಣುಕಿದರೆ ಸ್ವಲ್ಪ ಇಳಿಸುವುದು; ಅಂಗಳವು ಮಿಣುಕಿದರೆ ಸುಮ್ಮನಿರುವುದು.

ದೃಷ್ಟಿಯ ವಿಚಾರಕ್ಕೆ ಬರೋಣ. ಕನ್ನಡನಾಡಿನ ಕಾಡುಮೃಗಗಳನ್ನೂ ಹಕ್ಕಿಗಳನ್ನೂ ಚಿತ್ರಿಸಿ ಹೊರದೇಶಗಳಲ್ಲಿಯೂ ಕೀರ್ತಿ ಪಡೆದ ಟಿ. ಎನ್. ಎ. ಪೆರುಮಾಳರೂ, ಇ. ಹನುಮಂತರಾಯರೂ, ಸಂಡೂರಿನ ಎಂ. ವೈ. ಘೋರ್ಪಡೆಯವರೂ 1960 ಮತ್ತು 1970ರ ದಶಕಗಳಲ್ಲಿ ಕೈಯಿಂದಲೇ ಮಸೂರವನ್ನು ತಿರುಗಿಸಿ ಸ್ಪಷ್ಟತೆಯನ್ನು ಸಾಧಿಸಿದವರು. ತಾನೇ ದೃಷ್ಟಿಯನ್ನು ನಿಲ್ಲಿಸಿಕೊಳ್ಳುವ ಸಣ್ಣ ಕ್ಯಾಮರಾವನ್ನು ಕೋನಿಕಾ ಕಂಪೆನಿಯು ಮಾರುಕಟ್ಟೆಗೆ ತಂದುದು 1977ರಲ್ಲಿ. ಮಸೂರವನ್ನು ಬದಲಿಸಬಹುದಾದ ದೊಡ್ಡ ಯಂತ್ರಗಳಲ್ಲಿ ಇದು ಯಶಸ್ವಿಯಾದುದು 1985ರಲ್ಲಿ, ಮಿನೋಲ್ಟಾ 7000 ಎಂಬುದರಿಂದ. ಈಗ ಕಣ್ಣಿನ ಗುಡ್ಡೆಯನ್ನೇ ಗುರುತಿಸಿ ಹಿಂಬಾಲಿಸುವ ಯಂತ್ರಗಳು ಬಂದಿವೆ. ಇಷ್ಟಾದರೂ ಮದುವೆಯ ಹಾರವು ಸ್ಪಷ್ಟವಾಗಿ ಮುಖಗಳು ಮಬ್ಬಾಗುವುದು ನಿಂತಿಲ್ಲ.

ಕಾರಣ ಸುಲಭ. ಎಲ್ಲಿ ನೋಡಬೇಕೆಂಬುದನ್ನು ಯಂತ್ರಕ್ಕೇ ಬಿಟ್ಟರೆ ಅದು ಸಾಮಾನ್ಯವಾಗಿ ತನಗೆ ಅತ್ಯಂತ ಸಮೀಪವಾದ, ಗೆರೆಗಳೂ ಬಣ್ಣಭೇದಗಳೂ ಚೆನ್ನಾಗಿರುವ ವಸ್ತುವನ್ನು ಹಿಡಿಯುವುದು. ಕೈಗಳಲ್ಲಿ ಮುಂದಕ್ಕೆ ಎತ್ತಿ ಹಿಡಿದ ಹಾರಕ್ಕಿಂತ ಸಮೀಪವಾದುದೂ ಗೆರೆ ತುಂಬಿದುದೂ ಇನ್ನಾವುದು? 50 ಮಿಲಿಮೀಟರಿನ ಮಸೂರವನ್ನು 1.8ರವರೆಗೆ ತೆರೆದು ಒಂದೂವರೆ ಮೀಟರು ದೂರದಿಂದ ತೆಗೆದರೆ ಸ್ಪಷ್ಟವಾಗಿರುವ ಆಳವು ಸುಮಾರು 10 ಸೆಂಟಿಮೀಟರು ಮಾತ್ರ, ಒಂದು ಗೇಣಿಗೂ ಕಡಮೆ. ಹಾರವು ಆ ಗೇಣಿನೊಳಗೆ ಬಂದರೆ ಮುಖವು ಹೊರಗೆ. ಆದುದರಿಂದ ನೋಡುವ ಪ್ರದೇಶವನ್ನು ಒಂದೇ ಬಿಂದುವಿಗೆ ಇಳಿಸಿ, ಆ ಬಿಂದುವನ್ನು ಹತ್ತಿರದ ಕಣ್ಣಿನ ಮೇಲಿಡುವುದು. ಕಣ್ಣನ್ನು ತಾನೇ ಹುಡುಕುವ ಯಂತ್ರವಾದರೆ ಆ ಏರ್ಪಾಡನ್ನು ತೆರೆಯುವುದು. ಮೂರು ಸಾಲಿನ ಗುಂಪಾದರೆ ಮಸೂರವನ್ನು 8ರ ಅಂಕೆಗೆ ಕಿರಿದುಮಾಡಿ, ಬಿಂದುವನ್ನು ನಡುಸಾಲಿನ ಒಬ್ಬರ ಮುಖದ ಮೇಲಿಡುವುದು.

ಪ್ರದೇಶದ ಮಾತಾಯಿತು, ಕಾಲದ ಮಾತು ಬೇರೆ. ಗುಂಡಿಯನ್ನು ಅರ್ಧ ಒತ್ತಿದಾಗ ಒಮ್ಮೆ ನೋಡಿ ಅಲ್ಲಿಯೇ ಸ್ಥಿರವಾಗುವುದು ಏಕದೃಷ್ಟಿ, ಇದಕ್ಕೆ ಎ.ಎಫ್.-ಎಸ್. ಅಥವಾ ಒನ್ ಷಾಟ್ ಎನ್ನುವರು. ಒತ್ತಿಹಿಡಿದಿರುವವರೆಗೂ ಬಿಡದೆ ಮತ್ತೆ ಮತ್ತೆ ನೋಡುತ್ತಿರುವುದು ಸತತದೃಷ್ಟಿ, ಇದು ಎ.ಎಫ್.-ಸಿ. ಅಥವಾ ಸರ್ವೋ. ಕುಳಿತವರಿಗೆ ಮೊದಲನೆಯದು, ನಡೆಯುವವರಿಗೂ ಓಡುವ ಮಕ್ಕಳಿಗೂ ಎರಡನೆಯದು. ಈ ಎರಡರಲ್ಲಿ ಯಾವುದು ಬೇಕೆಂದು ಯಂತ್ರವೇ ಆರಿಸಿಕೊಳ್ಳುವ ಮೂರನೆಯ ಕ್ರಮವೊಂದುಂಟು. ಅದು ಅನುಮಾನಿಸುವ ಹೊತ್ತಿಗೆ ಮಗು ಚೌಕಟ್ಟಿನಿಂದ ಆಚೆಗೆ ಓಡಿರುವುದು, ಆದ್ದರಿಂದ ನನಗೆ ಅದು ಇಷ್ಟವಿಲ್ಲ.

ಏಕದೃಷ್ಟಿಯಲ್ಲಿ ಒಂದು ಸೌಕರ್ಯವಿದೆ. ಬಿಂದುವು ಚೌಕಟ್ಟಿನ ನಡುವೆ ಇದ್ದು, ನಮಗೆ ಬೇಕಾದವರು ಮಗ್ಗುಲಲ್ಲಿದ್ದರೆ, ಮೊದಲು ಅವರ ಮುಖವನ್ನು ನಡುವೆ ತಂದು, ಗುಂಡಿಯನ್ನು ಅರ್ಧ ಒತ್ತಿಹಿಡಿದು, ಬಳಿಕ ಚೌಕಟ್ಟನ್ನು ಬೇಕಾದ ಕಡೆಗೆ ಸರಿಸಿ ಪೂರ್ತಿ ಒತ್ತುವುದು. ವಧುವಿಗೆ ಅರುಂಧತಿಯನ್ನು ತೋರಿಸುವಾಗ ಮೊದಲು ಸಮೀಪದ ದೊಡ್ಡ ನಕ್ಷತ್ರಕ್ಕೆ ಕಣ್ಣನ್ನು ನಿಲ್ಲಿಸಿ, ಅಲ್ಲಿಂದ ಮೆಲ್ಲಗೆ ಒಯ್ಯುವ ಕ್ರಮವನ್ನು ವಾಚಕರು ಬಲ್ಲರು. ಇದೂ ಅದೇ ಹಾದಿ. ಸತತದೃಷ್ಟಿಯಲ್ಲಿ ಹೀಗೆ ಮಾಡಿದರೆ ಮಾತ್ರ ಕೆಡುವುದು. ಚೌಕಟ್ಟು ಸರಿದೊಡನೆ ಯಂತ್ರವು ಮುಖವನ್ನು ಬಿಟ್ಟು ನಡುವೆ ಬಂದ ಗೋಡೆಯನ್ನು ಹಿಡಿಯುವುದು.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಕಾಗೆಯ ಒಂದೇ ಕಣ್ಣುಗುಡ್ಡೆಯು ಎರಡು ಕಡೆಗೂ ಹೊರಳಿ ಕೆಲಸ ಮಾಡುವುದೆಂಬ ನಂಬಿಕೆಯಿಂದ ಹುಟ್ಟಿದ ಕಾಕಾಕ್ಷಿಗೋಲಕ ನ್ಯಾಯದಂತೆ, ಕೆಲವು ಯಂತ್ರಗಳಲ್ಲಿ ಅರ್ಧ ಒತ್ತುವ ಒಂದೇ ಗುಂಡಿಯು ದೃಷ್ಟಿಯನ್ನೂ ಬೆಳಕಿನ ಅಳತೆಯನ್ನೂ ಒಟ್ಟಿಗೆ ಬಿಗಿದುಬಿಡುವುದು; ಇನ್ನು ಕೆಲವದರಲ್ಲಿ ದೃಷ್ಟಿಯನ್ನು ಮಾತ್ರ ಬಿಗಿದು, ಅಳತೆಯನ್ನು ಚಿತ್ರ ತೆಗೆಯುವ ಕ್ಷಣದವರೆಗೂ ಬದಲಾಗಲು ಬಿಡುವುದು. ಅಲ್ಲದೆ ಬಿಂದುಮಾಪನದ ವರ್ತುಲವು ನಿಕಾನಿನ ಯಂತ್ರಗಳಲ್ಲಿ ನೀವು ಆಯ್ದ ದೃಷ್ಟಿಬಿಂದುವಿನ ಜೊತೆಗೇ ಹೋಗುವುದು. ಕ್ಯಾನನಿನ ಅನೇಕ ಯಂತ್ರಗಳಲ್ಲಿ ಅದು ಚೌಕಟ್ಟಿನ ನಡುವನ್ನು ಬಿಟ್ಟು ಕದಲದು. ನಿಮ್ಮ ಯಂತ್ರದ್ದು ಯಾವ ಜಾತಿ ಎಂಬುದನ್ನು ಪುಸ್ತಿಕೆಯಿಂದಲೋ, ಕಿಟಕಿಯ ಮುಂದೆ ತಂಬಿಗೆಯೊಂದನ್ನಿಟ್ಟು ಪರೀಕ್ಷಿಸಿಯೋ ಮದುವೆಗೆ ಮುಂಚೆ ತಿಳಿದುಕೊಳ್ಳತಕ್ಕದ್ದು. ಅಳತೆಯನ್ನು ಮಾತ್ರ ಬಿಗಿಯುವುದಕ್ಕೆ ಬೇರೊಂದು ಗುಂಡಿ ಇರುವುದು. ಕ್ಯಾನನಿನಲ್ಲಿ ಅದಕ್ಕೆ ನಕ್ಷತ್ರದ ಗುರುತು, ಮಿಕ್ಕವುಗಳಲ್ಲಿ ಎ.ಇ.-ಎಲ್. ಎಂಬ ಅಕ್ಷರಗಳು.

ನಾನು ಈ ಪಾಠವನ್ನು ಕಲಿತ ಶಾಲೆ ಮದುವೆಯ ಮನೆಯಲ್ಲ, ಮಾಕುಟ್ಟದ ಕಾಡು. ವಿರಾಜಪೇಟೆಯಿಂದ ಪೆರುಂಬಾಡಿಯನ್ನು ಹಾದು ಕೇರಳದ ಇರಿಟ್ಟಿಯ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ, ಗಡಿಗೆ ಸಮೀಪವಾಗಿ ಇರುವ ಕಾಡೂರು ಇದು. ಸುತ್ತಣ ನಿತ್ಯಹರಿದ್ವರ್ಣದ ಅರಣ್ಯವು 1974ರಲ್ಲಿ ಬ್ರಹ್ಮಗಿರಿ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ವಿಮಾನನಿಲ್ದಾಣ ತೆರೆದ ಮೇಲೆ, ಪರದೇಶದಿಂದ ಬರುವ ಮಕ್ಕಳು ಹೊಸ ಹೊಸ ಕ್ಯಾಮರಾಗಳೊಡನೆ ಈ ದಾರಿಯಲ್ಲಿಯೇ ಮನೆಗಳಿಗೆ ಏರಿಹೋಗುವುದನ್ನು ಕಾಣುತ್ತೇವೆ. ಅವರಲ್ಲಿ ಅನೇಕರು ತಿರುವಿನಲ್ಲಿಯೇ ಬಂಡಿ ನಿಲ್ಲಿಸುವರು. ದಯವಿಟ್ಟು ಹಾಗೆ ಮಾಡಬಾರದು; ಕಾಡಿನೊಳಗೆ ಕಾಲಿಡುವುದಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೂಡದು.

ಈ ಕಾಡಿನಲ್ಲಿ ಸಿಂಗಳೀಕವೆಂಬ ಕೋತಿಯುಂಟು. ಮೈಯೆಲ್ಲ ಕಾಡಿಗೆಯ ಕಪ್ಪು, ಮುಖದ ಸುತ್ತ ಬೂದುಬೆಳ್ಳಿಯ ಕೇಸರ. ಎತ್ತರದ ಕೊಂಬೆಯ ಮೇಲೆ, ಮಳೆಮೋಡದ ಬಿಳಿಯ ಆಕಾಶವನ್ನು ಬೆನ್ನಿಗಿಟ್ಟುಕೊಂಡು ಅದು ಕುಳಿತರೆ, ಐಮರದ ಮೇಲಣ ಅಜ್ಜಿಯ ಸಮಸ್ಯೆಯೇ ಮರವೇರಿದಂತಾಗುವುದು. ಬಹುಭಾಗ ಮಾಪನದಲ್ಲಿ ತೆಗೆದರೆ ಕೋತಿಯ ಆಕಾರದ ಕಪ್ಪು ಕಾಗದವೊಂದು ದೊರಕುವುದು. ಕಪ್ಪು ಮೈಯ ಮೇಲೆ ಬಿಂದುಮಾಪನ ಮಾಡಿದರೆ ಯಂತ್ರವು ಅದನ್ನು ಬೂದುಕೋತಿಯನ್ನಾಗಿ ಮಾಡುವುದರಿಂದ −1 ಇಡಬೇಕು. ಕೇಸರದ ಮೇಲೆ ಅಳೆಯುವಷ್ಟು ಹತ್ತಿರ ಕಂಡರೆ ಹೆಚ್ಚುಕಡಮೆ ಏನನ್ನೂ ಇಡಬೇಕಾದ್ದಿಲ್ಲ. ದೃಷ್ಟಿಯನ್ನು ಯಂತ್ರದ ಇಚ್ಛೆಗೆ ಬಿಟ್ಟರೆ ಅದು ಮುಂದಿರುವ ಎಲೆಯನ್ನು ಹಿಡಿಯುವುದರಿಂದ ಒಂದೇ ಬಿಂದು, ಆದಷ್ಟೂ ಸಣ್ಣ ಬಿಂದು ಬೇಕು. ಮಂಗಟ್ಟೆ ಹಕ್ಕಿಯು ಕಣಿವೆಯ ಮೇಲೆ ರೆಕ್ಕೆಯ ಸದ್ದು ಮಾಡುತ್ತ ಹಾರಿಹೋಗುವಾಗಲಾದರೋ ಸತತದೃಷ್ಟಿಯೂ ಸ್ವಲ್ಪ ಅಗಲವಾದ ಪ್ರದೇಶವೂ ಬೇಕು. ಅಷ್ಟು ಸಣ್ಣ ಬಿಂದುವನ್ನು ಹಾರುವ ಹಕ್ಕಿಯ ಮೇಲೆ ನಿಲ್ಲಿಸುವ ಕೈ ನನಗಿಲ್ಲ.

ಮಳೆಗಾಲದ ಮಂಜಿನಲ್ಲಿ ಎರಡು ವಿದ್ಯೆಗಳೂ ಒಟ್ಟಿಗೆ ಸೋಲುವುದನ್ನು ಇಲ್ಲಿ ನೋಡಬಹುದು. ಮಂಜು ಬಿಳಿಯಾದ್ದರಿಂದ ಯಂತ್ರವು ಅದನ್ನು ಬೂದು ಮಾಡುವುದು. +1 ಇಟ್ಟರೆ ಸರಿಹೋಗುವುದು. ಮಂಜಿನಲ್ಲಿ ಗೆರೆಗಳಿಲ್ಲವಾದ್ದರಿಂದ ದೃಷ್ಟಿ ನಿಲ್ಲದೆ ಮಸೂರವು ಹಿಂದಕ್ಕೂ ಮುಂದಕ್ಕೂ ಅಲೆಯುವುದು. ಆಗ ಬಿಂದುವನ್ನು ಮಂಜಿನಿಂದ ಹೊರಬಂದಿರುವ ಮರದ ಕಾಂಡದ ಅಂಚಿನ ಮೇಲಿಡುವುದು, ಅದೂ ಇಲ್ಲದಿದ್ದರೆ ಎಂ.ಎಫ್. ಎಂಬ ಗುರುತಿಗೆ ತಿರುಗಿಸಿ ಪೆರುಮಾಳರ ಕಾಲದವರಂತೆ ಕೈಯಿಂದಲೇ ಸರಿಮಾಡಿಕೊಳ್ಳುವುದು.

ಮದುವೆಯ ಮನೆಯಲ್ಲಿ ಚಳುವಳಿಕೆಯ ಸಂದರ್ಭವೆಂದರೆ ಬಾಳೆಯ ದಿಂಡನ್ನು ಒಡಿಕತ್ತಿಯಿಂದ ಕಡಿಯುವುದು. ಇದಕ್ಕೆ ಸತತದೃಷ್ಟಿ ಬೇಕೆಂದು ಹುಡುಗರು ವಾದಿಸುವರು. ನನ್ನ ಅಭಿಪ್ರಾಯ ಬೇರೆ. ಕತ್ತಿ ಎಲ್ಲಿ ಬೀಳುವುದೆಂಬುದು ಮೊದಲೇ ತಿಳಿದಿದೆ, ದಿಂಡು ಓಡಿಹೋಗುವುದಿಲ್ಲ. ಏಕದೃಷ್ಟಿಯಲ್ಲಿ ದಿಂಡಿನ ಮೇಲೆ ಸ್ಪಷ್ಟಮಾಡಿಕೊಂಡು, ಬಳಿಕ ಎಂ.ಎಫ್.ಗೆ ತಿರುಗಿಸಿ ದೃಷ್ಟಿಯನ್ನು ಅಲ್ಲಿಯೇ ಕಟ್ಟಿಹಾಕಿ, ಸೆಕೆಂಡಿನ 1/1000 ಭಾಗದ ವೇಗದಲ್ಲಿ ಕತ್ತಿಯನ್ನು ಕಾಯುವುದು.

ದಂಪತಿ ಮುಹೂರ್ತಕ್ಕೆ ಮಾತ್ರ ವಿಶೇಷವಾದ ಸಿದ್ಧತೆ ಬೇಕು. ವಧು ಅಥವಾ ವರನು ಮುಕ್ಕಾಲಿಯ ಮೇಲೆ ಕುಳಿತಿರುವಾಗ ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ ಹರಸುವರು. ನಮ್ಮ ಗೃಹಿಣಿಯ ಅತ್ತೆಯವರು ಬಂದು ಮೊಮ್ಮಗಳ ಬಾಯಿಗೆ ಕಿಂಡಿಯನ್ನು ಹಿಡಿಯುವುದು ಕೆಲವೇ ಕ್ಷಣ. ಚಿತ್ರ ತೆಗೆಯುವವನು ಮುಕ್ಕಾಲಿಯ ಮುಂದೆ ನಿಲ್ಲದೆ ಮಗ್ಗುಲಿಗೆ ನಿಲ್ಲಬೇಕು. ಅಲ್ಲಿಂದ ಇಬ್ಬರ ಮುಖವೂ ಒಂದೇ ದೂರದಲ್ಲಿ ಬರುವುದರಿಂದ ಒಂದರ ಮೇಲೆ ದೃಷ್ಟಿ ನಿಂತರೆ ಇನ್ನೊಂದೂ ಸ್ಪಷ್ಟ. ಬೆಳಕನ್ನು ಅವರು ಬರುವ ಮುಂಚೆಯೇ ಅಳೆದಿಡಬೇಕು: ಮುಂದಿನ ಸರದಿಯ ಯಾರಾದರೂ ಅಜ್ಜಿಯಷ್ಟೇ ಬಣ್ಣದವರು ಹಾಲು ಕುಡಿಸುತ್ತಿರುವಾಗ ಮುಖದ ಮೇಲೆ ಬಿಂದುಮಾಪನ ಮಾಡಿ ಒಂದು ಚಿತ್ರ ತೆಗೆದು, ಪರದೆಯಲ್ಲಿ ನೋಡಿ, ಸರಿಯೆನಿಸಿದರೆ ಆ ಅಂಕೆಗಳನ್ನೇ 'ಎಂ' ಎಂಬ ಗುರುತಿನಲ್ಲಿ ಬರೆದು ಸ್ಥಿರಪಡಿಸುವುದು. ಬಳಿಕ ಬಿಳಿಯ ಕುಪ್ಯದವರು ಹಿಂದೆ ಹಾದುಹೋದರೂ, ಕಪ್ಪು ಕುಪ್ಯದವರು ಹಾದುಹೋದರೂ ಅಳತೆ ಕದಲದು. ದೃಷ್ಟಿಯ ಬಿಂದು ಅಜ್ಜಿಯ ಮುಖದ ಮೇಲಿರಲಿ. ಮದುಮಗಳ ಚಿತ್ರವನ್ನು ಆ ದಿನ ತೆಗೆಯುವವರು ಸಾವಿರ ಮಂದಿ ಇರುವರು.

ದೊಡ್ಡ ಕ್ಯಾಮರಾ ಇಲ್ಲದ ಮನೆಯವರು ನಿರಾಶರಾಗಬೇಕಾಗಿಲ್ಲ. ಮೊಬೈಲಿನ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿದರೆ ದೃಷ್ಟಿಯೂ ಅಳತೆಯೂ ಅಲ್ಲಿಗೇ ಬರುವುವು. ಮುಟ್ಟಿದ ಬಳಿಕ ಬೆರಳನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಬೆಳಕು ಏರಿಳಿಯುವುದು ಅನೇಕ ಮೊಬೈಲುಗಳಲ್ಲಿ ಉಂಟು. ಮುಟ್ಟಿದ ಬೆರಳನ್ನು ಕೊಂಚ ಹೊತ್ತು ಒತ್ತಿಹಿಡಿದರೆ ಎರಡೂ ಬಿಗಿದುಕೊಳ್ಳುವುವು.

ಕಡೆಯದಾಗಿ, ಮದುವೆ ಮುಗಿದ ರಾತ್ರಿ ಕ್ಯಾಮರಾವನ್ನು ಬೀರುವಿನಲ್ಲಿ ಇಡುವ ಮುನ್ನ +1 ಇದ್ದುದನ್ನು ಸೊನ್ನೆಗೂ, ಬಿಂದುಮಾಪನವನ್ನು ಬಹುಭಾಗ ಮಾಪನಕ್ಕೂ, ಎಂ.ಎಫ್. ಗುರುತನ್ನು ಎ.ಎಫ್.ಗೂ ಮರಳಿಸಿಡುವುದು. ಆರಿಸಿದ ಮಾತ್ರಕ್ಕೆ ಬಹುತೇಕ ಯಂತ್ರಗಳು ಇವನ್ನು ಮರೆಯುವುದಿಲ್ಲ. ಪುತ್ತರಿಯ ದಿನ ಮನೆಯ ಇನ್ನೊಬ್ಬ ಹುಡುಗನು ಅದನ್ನು ಎತ್ತಿಕೊಂಡು ಹೋಗಿ, ಕದಿರೆಲ್ಲ ಮಬ್ಬಾಗಿ ಬಿಳಿಚಿಕೊಂಡು ಬಂದಾಗ ಅಂಗಡಿಯವನ ಮೇಲೆ ದೂರು ಹೇಳಲು ಹೊರಟಾನು.